ಚಕ್ಕಡಿ ಗಾಲಿ, ಗೋಲಿ, ಕೊತ್ತಂಬರಿ ಬೀಜ

1980ರ ಫೆಬ್ರವರಿ 16ರ ಮಧ್ಯಾಹ್ನ ಚಂದ್ರನ ನೆರಳು ಅರಬ್ಬೀ ಸಮುದ್ರವನ್ನು ದಾಟಿ ಅಂಕೋಲೆಯ ಹತ್ತಿರ ದಡ ಹತ್ತಿತು. ಹುಬ್ಬಳ್ಳಿ, ಗದಗ, ರಾಯಚೂರುಗಳ ಮೇಲೆ ಹಾದು ಪೂರ್ವ ಕರಾವಳಿಯ ಕಡೆಗೆ ಓಡಿತು. ಖಗ್ರಾಸ ಸೂರ್ಯಗ್ರಹಣವು ಭೂಮಿಯ ಮೇಲಿನ ಯಾವುದೇ ಒಂದು ಊರಿಗೆ ಮರಳಿ ಬರಬೇಕಾದರೆ ಸರಾಸರಿ 375 ವರ್ಷ ಹಿಡಿಯುತ್ತದೆ ಎಂದು ಲೆಕ್ಕ ಹಾಕಿದ್ದಾರೆ. ಅಂಥದ್ದೊಂದು ಗ್ರಹಣ ಗದಗಿನ ನಮ್ಮ ಮನೆಯ ಮಾಳಿಗೆಯ ಮೇಲೆಯೇ ನಡೆಯಿತು. ನಮ್ಮ ಮನೆಯವರೆಲ್ಲ ಆ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಒಳಗೆ ಕುಳಿತಿದ್ದರು. ಬೆಳಕಿಂಡಿಗೂ ಗೋಣಿಚೀಲ ತುರುಕಲಾಗಿತ್ತಂತೆ. ಬೀದಿಯಲ್ಲಿ ನಾಯಿಯೂ ಇರಲಿಲ್ಲ, ಒಮ್ಮೆಲೇ ಕತ್ತಲಾದದ್ದು ಬಾಗಿಲ ಸಂದಿಯಿಂದ ತಿಳಿಯಿತು, ಗುಬ್ಬಿಗಳ ಸದ್ದು ನಿಂತುಹೋಯಿತು ಎಂಬಿಷ್ಟು ಮಾತ್ರ ಅಪ್ಪನ ನೆನಪಿನಲ್ಲಿ ಉಳಿದಿದೆ. ಆಗ ನಾನಿನ್ನೂ ಹುಟ್ಟಿರಲಿಲ್ಲ. ಆದರೂ ಆ ಮುಚ್ಚಿದ ಬಾಗಿಲಿನ ಬಗ್ಗೆ ನನಗೊಂದು ಹಳಹಳಿ ಇದ್ದೇ ಇದೆ.

ಹೈದರಾಬಾದಿನ ಬಳಿಯ ಜಪಾಲ್-ರಂಗಾಪುರದ ವೀಕ್ಷಣಾಲಯಕ್ಕೂ, ನಮ್ಮ ಉತ್ತರ ಕರ್ನಾಟಕದ ಬಯಲುಗಳಿಗೂ ವಿಜ್ಞಾನಿಗಳು ಪೆಟ್ಟಿಗೆಗಟ್ಟಲೆ ಉಪಕರಣ ಹೊತ್ತು ಬಂದಿದ್ದ ದಿನ ಅದು. ಬಂದವರಿಗೆ ಇದ್ದ ಭಯ ಒಂದೇ, ಮೋಡದ ಭಯ. ಇದ್ದವರಿಗೆ ಮಾತ್ರ ನೂರೆಂಟು ಭಯಗಳು: ಅನ್ನ ಕೆಡುತ್ತದೆ, ನೀರು ಕೆಡುತ್ತದೆ, ಬಸುರಿಗೆ ಆಗಬಾರದ್ದು ಆಗುತ್ತದೆ. ಗ್ರಹಣದಲ್ಲಿ ನಿಜವಾಗಿ ಹೆದರಬೇಕಾದ ಸಂಗತಿ ಒಂದಿದೆ. ಅದು ಕಣ್ಣಿಗೆ ಸಂಬಂಧಿಸಿದ್ದು, ಅದೂ ಸೂರ್ಯಗ್ರಹಣದಲ್ಲಿ ಮಾತ್ರ. ವಿಚಿತ್ರವೆಂದರೆ ಅನ್ನಕ್ಕೆ ಹೆದರುವ ಜನರೇ ಮಕ್ಕಳ ಕೈಗೆ ಎಕ್ಸ್‌ರೇ ಹಾಳೆ ಕೊಟ್ಟು ಅಂಗಳಕ್ಕೆ ಕಳುಹಿಸುವುದನ್ನು ನಾನು ಕಂಡಿದ್ದೇನೆ. ಭಯವಿದೆ, ಆದರೆ ಇರಬೇಕಾದ ಜಾಗದಲ್ಲಿ ಇಲ್ಲ. ಹಾಗಾಗಿ ಗ್ರಹಣವಾಗುವ ಬಗೆಯನ್ನೂ ಅದನ್ನು ನೋಡುವ ಬಗೆಯನ್ನೂ ಒಟ್ಟಿಗೇ ಬರೆಯುತ್ತಿದ್ದೇನೆ, ಏಕೆಂದರೆ ಮೊದಲನೆಯದು ಸರಿಯಾಗಿ ಅರ್ಥವಾದರೆ ಎರಡನೆಯದನ್ನು ಹೆಚ್ಚು ಹೇಳಬೇಕಾಗುವುದಿಲ್ಲ.

ಶಾಲೆಯ ಪುಸ್ತಕಗಳಲ್ಲಿ ಗ್ರಹಣದ ಚಿತ್ರವಿರುತ್ತದೆ: ಒಂದು ದೊಡ್ಡ ಹಳದಿ ಗುಂಡು, ಪಕ್ಕದಲ್ಲಿ ಒಂದು ನೀಲಿ ಗುಂಡು, ನಡುವೆ ಒಂದು ಬೂದು ಗುಂಡು, ಮೂರೂ ಒಂದೇ ಗೇಣಿನೊಳಗೆ. ಆ ಚಿತ್ರವನ್ನು ನೋಡಿದ ಯಾವ ಬುದ್ಧಿವಂತ ಮಗುವಾದರೂ ಪ್ರತಿ ಅಮಾವಾಸ್ಯೆಗೂ ಗ್ರಹಣ ಏಕಾಗುವುದಿಲ್ಲ ಎಂದು ಕೇಳಬೇಕು. ಚಿತ್ರದಲ್ಲಿ ಅದಕ್ಕೆ ಉತ್ತರವಿಲ್ಲ. ತಪ್ಪು ಇರುವುದು ಅಳತೆಯಲ್ಲಿ. ಹತ್ತು ಸಾವಿರ ಕಿಲೋಮೀಟರನ್ನು ಒಂದು ಸೆಂಟಿಮೀಟರಿಗೆ ಇಳಿಸಿ ನೋಡೋಣ. ಆಗ ಸೂರ್ಯ ಸುಮಾರು 1.4 ಮೀಟರ್ ಅಡ್ಡಳತೆಯ ಒಂದು ಚಕ್ಕಡಿ ಗಾಲಿಯಷ್ಟಾಗುತ್ತಾನೆ. ಭೂಮಿ ಒಂದೂಕಾಲು ಸೆಂಟಿಮೀಟರಿನ ಗೋಲಿ. ಚಂದ್ರ ಮೂರೂವರೆ ಮಿಲಿಮೀಟರಿನ ಒಂದು ಕೊತ್ತಂಬರಿ ಬೀಜ. ಗೋಲಿಗೂ ಕೊತ್ತಂಬರಿ ಬೀಜಕ್ಕೂ ನಡುವಿನ ಅಂತರ 38 ಸೆಂಟಿಮೀಟರ್. ಚಕ್ಕಡಿ ಗಾಲಿಯನ್ನು ಮಾತ್ರ 150 ಮೀಟರ್ ಆಚೆ, ಓಣಿಯ ಆ ತುದಿಯಲ್ಲಿ ನಿಲ್ಲಿಸಬೇಕು. ಈ ಮಾದರಿಯನ್ನು ನಾನು ಸೋದರಳಿಯನೊಂದಿಗೆ ಒಮ್ಮೆ ನಿಜವಾಗಿಯೂ ಮಾಡಿ ನೋಡಿದ್ದೇನೆ. ಗಾಲಿ ಸಿಗದೆ ರಟ್ಟನ್ನು ಕತ್ತರಿಸಿಕೊಂಡೆವು. ಕೊತ್ತಂಬರಿ ಬೀಜವನ್ನು ಗುಂಡುಸೂಜಿಯ ತುದಿಗೆ ಅಂಟಿಸಿದೆವು.

ಆ ಬೀಜವನ್ನು ಕಣ್ಣಿನಿಂದ 38 ಸೆಂಟಿಮೀಟರ್ ದೂರ ಹಿಡಿದು ಓಣಿಯ ಆಚೆ ತುದಿಯನ್ನು ನೋಡಿದರೆ, ಬೀಜವು ಆ ದೊಡ್ಡ ರಟ್ಟನ್ನು ಸರಿಯಾಗಿ ಮುಚ್ಚುತ್ತದೆ. ಸೂರ್ಯನ ವ್ಯಾಸ ಚಂದ್ರನ ವ್ಯಾಸದ 400 ಪಟ್ಟು; ಸೂರ್ಯನ ದೂರವೂ ಚಂದ್ರನ ದೂರದ ಸುಮಾರು 390 ಪಟ್ಟು. ಈ ಎರಡು ಸಂಖ್ಯೆಗಳು ಇಷ್ಟು ಹತ್ತಿರ ಬಂದಿರುವುದಕ್ಕೆ ಯಾವ ನಿಯಮವೂ ಇಲ್ಲ, ಅದು ಬರೀ ಆಕಸ್ಮಿಕ. ಚಂದ್ರ ವರ್ಷಕ್ಕೆ 3.8 ಸೆಂಟಿಮೀಟರಿನಷ್ಟು ನಮ್ಮಿಂದ ದೂರ ಸರಿಯುತ್ತಿರುವುದರಿಂದ ಇನ್ನು ಕೆಲವು ಹತ್ತು ಕೋಟಿ ವರ್ಷಗಳ ನಂತರ ಖಗ್ರಾಸ ಸೂರ್ಯಗ್ರಹಣ ಎಂಬುದೇ ಇರುವುದಿಲ್ಲ. ಅವಸರ ಪಡಬೇಕಾದ ಅಗತ್ಯವೇನೂ ಇಲ್ಲ ಎಂಬುದು ನಿಜ.

ಇನ್ನು ನೆರಳಿನ ವಿಷಯ. ಬೆಳಕಿನ ಮೂಲ ದೊಡ್ಡದಾಗಿದ್ದು ಅಡ್ಡ ಬಂದ ವಸ್ತು ಚಿಕ್ಕದಾಗಿದ್ದರೆ, ಅದರ ದಟ್ಟ ನೆರಳು ಹಿಂದೆ ಹೋದಂತೆ ಕಿರಿದಾಗುತ್ತ ಒಂದು ಮೊನೆಯಲ್ಲಿ ಮುಗಿಯುತ್ತದೆ. ಕೊತ್ತಂಬರಿ ಬೀಜದ ದಟ್ಟ ನೆರಳು ಸುಮಾರು 37.5 ಸೆಂಟಿಮೀಟರ್ ಉದ್ದದ ಒಂದು ದಬ್ಬಣ. ಗೋಲಿ ಇರುವುದು 38ರಲ್ಲಿ. ಅಂದರೆ ದಬ್ಬಣದ ಮೊನೆ ಗೋಲಿಯನ್ನು ಮುಟ್ಟಿತೋ ಇಲ್ಲವೋ ಎಂಬಂತಿದೆ. ಚಂದ್ರನ ಕಕ್ಷೆ ಪೂರ್ತಿ ವೃತ್ತವಲ್ಲವಾದ್ದರಿಂದ ಅವನು ಕೆಲವೊಮ್ಮೆ 3.57 ಲಕ್ಷ ಕಿಲೋಮೀಟರಿನಷ್ಟು ಹತ್ತಿರ ಬರುತ್ತಾನೆ, ಕೆಲವೊಮ್ಮೆ 4.06 ಲಕ್ಷದವರೆಗೆ ದೂರ ಹೋಗುತ್ತಾನೆ. ಹತ್ತಿರವಿದ್ದಾಗ ಮೊನೆ ನೆಲ ಮುಟ್ಟುತ್ತದೆ. ಮುಟ್ಟಿದ ಕಡೆ ಖಗ್ರಾಸ. ದೂರವಿದ್ದಾಗ ಮೊನೆ ಗಾಳಿಯಲ್ಲೇ ಮುಗಿಯುತ್ತದೆ. ಅದರ ನೇರಕ್ಕೆ ನಿಂತವರಿಗೆ ಚಂದ್ರನ ಸುತ್ತ ಸೂರ್ಯನ ಅಂಚು ಬಳೆಯಂತೆ ಉಳಿದು ಕಾಣುತ್ತದೆ. ಅದಕ್ಕೇ ಕಂಕಣ ಗ್ರಹಣ ಎಂಬ ಹೆಸರು. ಈ ದಬ್ಬಣದ ಸುತ್ತ ಅಗಲವಾಗಿ ಹರಡಿಕೊಂಡಿರುವ ಅರೆನೆರಳಿನಲ್ಲಿ ನಿಂತವರಿಗೆ ಸೂರ್ಯನ ಒಂದು ಭಾಗ ಮಾತ್ರ ಕಚ್ಚಿಹೋದಂತೆ ತೋರುತ್ತದೆ, ಅದು ಖಂಡಗ್ರಾಸ. ಒಂದೇ ಗ್ರಹಣ ಗದಗಿನಲ್ಲಿ ಖಗ್ರಾಸವೂ ಬೆಂಗಳೂರಿನಲ್ಲಿ ಖಂಡಗ್ರಾಸವೂ ಆಗುವುದು ಹೀಗೆ.

ಪ್ರತಿ ಅಮಾವಾಸ್ಯೆಗೂ ಏಕಿಲ್ಲ ಎಂಬ ಪ್ರಶ್ನೆಗೂ ಈ ಮಾದರಿಯಲ್ಲೇ ಉತ್ತರವಿದೆ. ಚಂದ್ರನ ಕಕ್ಷೆ ಭೂಮಿಯ ಕಕ್ಷೆಯ ಮಟ್ಟಕ್ಕೆ ಸುಮಾರು 5 ಡಿಗ್ರಿ ವಾಲಿಕೊಂಡಿದೆ. ಕೇಳಲು ಅಲ್ಪವೆನಿಸುತ್ತದೆ. ಆದರೆ 38 ಸೆಂಟಿಮೀಟರ್ ದೂರದಲ್ಲಿ 5 ಡಿಗ್ರಿ ಎಂದರೆ ಬೀಜವು ಸುಮಾರು ಮೂರೂವರೆ ಸೆಂಟಿಮೀಟರ್ ಮೇಲಕ್ಕೋ ಕೆಳಕ್ಕೋ ಹೋಗಿರುತ್ತದೆ. ಗೋಲಿ ಇರುವುದೇ ಒಂದೂಕಾಲು ಸೆಂಟಿಮೀಟರ್. ನೆರಳಿನ ದಬ್ಬಣ ಹೆಚ್ಚಿನ ಅಮಾವಾಸ್ಯೆಗಳಲ್ಲಿ ಗೋಲಿಯ ಮೇಲಿಂದಲೋ ಕೆಳಗಿಂದಲೋ ಸುಮ್ಮನೆ ಹಾದುಹೋಗುತ್ತದೆ. ಚಂದ್ರನ ದಾರಿಯು ಸೂರ್ಯನ ದಾರಿಯನ್ನು ಅಡ್ಡಹಾಯುವ ಎರಡು ಸ್ಥಾನಗಳ ಹತ್ತಿರ ಅಮಾವಾಸ್ಯೆಯೋ ಹುಣ್ಣಿಮೆಯೋ ಬಿದ್ದರೆ ಮಾತ್ರ ಗ್ರಹಣ. ಆ ಎರಡು ಸ್ಥಾನಗಳಿಗೇ ನಮ್ಮ ಜ್ಯೋತಿಷ್ಶಾಸ್ತ್ರದಲ್ಲಿ ರಾಹು ಮತ್ತು ಕೇತು ಎಂದು ಹೆಸರು. ಅವುಗಳಿಗೆ ದೇಹವಿಲ್ಲ, ಎರಡು ಗೆರೆಗಳು ಕೂಡುವ ಬಿಂದುವಿಗೆ ದೇಹವಿರಲು ಸಾಧ್ಯವೂ ಇಲ್ಲ. ಇವು ನಿಂತಲ್ಲಿ ನಿಲ್ಲದೆ ಹಿಮ್ಮುಖವಾಗಿ ಸರಿಯುತ್ತ ಸುಮಾರು 18.6 ವರ್ಷಕ್ಕೊಮ್ಮೆ ಸುತ್ತು ಮುಗಿಸುತ್ತವೆ. ಹಾಗಾಗಿ ಗ್ರಹಣದ ಋತು ಆರು ತಿಂಗಳಿಗೆ ತುಸು ಮೊದಲೇ, ಸುಮಾರು 173 ದಿನಕ್ಕೊಮ್ಮೆ ಬರುತ್ತದೆ.

ಚಂದ್ರನು ಸೂರ್ಯನನ್ನು ಮರೆಮಾಡುತ್ತಾನೆ, ಭೂಮಿಯ ದೊಡ್ಡ ನೆರಳು ಚಂದ್ರನನ್ನು ಮರೆಮಾಡುತ್ತದೆ ಎಂದು ಆರ್ಯಭಟನು ಕ್ರಿ.ಶ. 499ರಷ್ಟು ಹಿಂದೆಯೇ ಆರ್ಯಭಟೀಯದಲ್ಲಿ ಬರೆದಿಟ್ಟಿದ್ದಾನೆ. ನಮ್ಮ ಪಂಚಾಂಗ ಕರ್ತರು ಗ್ರಹಣದ ಸ್ಪರ್ಶ (ಆರಂಭ), ನಿಮೀಲನ (ಪೂರ್ತಿ ಮುಚ್ಚುವುದು), ಮಧ್ಯ, ಉನ್ಮೀಲನ (ಮತ್ತೆ ತೆರೆಯತೊಡಗುವುದು), ಮೋಕ್ಷ (ಪೂರ್ತಿ ಬಿಡುವುದು) ಕಾಲಗಳನ್ನು ಗಂಟೆ ನಿಮಿಷಗಳಲ್ಲಿ ಮೊದಲೇ ಮುದ್ರಿಸುವುದು ಈ ಗಣಿತದ ಬಲದಿಂದಲೇ. ಹಾವು ನುಂಗುವುದಾದರೆ ಹಾವಿನ ಹಸಿವಿಗೆ ವೇಳಾಪಟ್ಟಿ ಹಾಕಲು ಬರುತ್ತಿರಲಿಲ್ಲ. ಒಂದೇ ಪುಟದ ಮೇಲ್ಭಾಗದಲ್ಲಿ ಇಷ್ಟು ಕರಾರುವಾಕ್ಕಾದ ಲೆಕ್ಕವೂ ಕೆಳಭಾಗದಲ್ಲಿ ಯಾವ ರಾಶಿಗೆ ಅಶುಭ ಎಂಬ ಪಟ್ಟಿಯೂ ಇರುವುದನ್ನು ಕಂಡಾಗಲೆಲ್ಲ ನನಗೆ ಆಶ್ಚರ್ಯವಾಗುತ್ತದೆ. ಆದರೂ ಹಳೆಯ ಆಚರಣೆಗಳನ್ನು ಸಾರಾಸಗಟಾಗಿ ಹಳಿಯಲು ಮನಸ್ಸಾಗುವುದಿಲ್ಲ. ಗ್ರಹಣ ಕಾಲದಲ್ಲಿ ದಾನ ಕೊಡುವುದು ಪುಣ್ಯವೆಂಬ ನಂಬಿಕೆಯಿಂದಲೇ ನಮ್ಮ ನಾಡಿನ ಎಷ್ಟೋ ಶಾಸನಗಳಲ್ಲಿ ಸೂರ್ಯಗ್ರಹಣ, ಸೋಮಗ್ರಹಣಗಳ ಉಲ್ಲೇಖ ಉಳಿದುಬಂದಿದೆ. ಶಾಸನದ ತೇದಿ ಸರಿಯೇ ಎಂದು ಪರೀಕ್ಷಿಸಲು ಇತಿಹಾಸಕಾರರು ಇಂದಿಗೂ ಆ ಉಲ್ಲೇಖಗಳನ್ನು ಖಗೋಳ ಗಣಿತದೊಂದಿಗೆ ತಾಳೆ ನೋಡುತ್ತಾರೆ.

2019ರ ಡಿಸೆಂಬರ್ 26ರ ಕಂಕಣ ಗ್ರಹಣದ ಹೊತ್ತಿಗೆ ನಾನು ಮಂಗಳೂರಿನಲ್ಲಿ ಕೆಲಸದಲ್ಲಿದ್ದೆ. ಅಪ್ಪನನ್ನು ಗದಗಿನಿಂದ ಕರೆಸಿಕೊಂಡಿದ್ದೆ. ಅಂದಿಗೆ ಅವರಿಗೆ ಎಪ್ಪತ್ತು. ಮಂಗಳೂರಿನಲ್ಲೂ ಕಂಕಣ ಕಾಣುತ್ತಿತ್ತು. ಆದರೆ ನಗರವು ಪಥದ ಉತ್ತರದ ಅಂಚಿನ ಕಡೆಗಿದ್ದುದರಿಂದ ಬಳೆ ಉಳಿಯುವ ಹೊತ್ತು ಕಡಿಮೆ. ನಡುಗೆರೆಯು ಕಾಸರಗೋಡು ಜಿಲ್ಲೆಯ ಚೆರುವತ್ತೂರಿನ ಬಳಿ ಹಾದುಹೋಗುತ್ತಿದ್ದ ಕಾರಣ ನಸುಕಿನಲ್ಲೇ ಎದ್ದು ಅಲ್ಲಿಗೆ ಹೋದೆವು. ಮನೆಯಿಂದ ಹೊರಡುವಾಗ ಅಮ್ಮನ ಹಿಟ್ಟಿನ ಜರಡಿಯನ್ನೂ ಚೀಲಕ್ಕೆ ಹಾಕಿಕೊಂಡಿದ್ದೆ. ಗ್ರಹಣ ನೋಡಲು ಹೋಗುವವರಿಗೆ ಜರಡಿ ಏಕೆಂದು ಅಮ್ಮ ಕೇಳಿದ್ದರು. ವೇಧ, ಅಂದರೆ ಗ್ರಹಣಕ್ಕೆ ಮೊದಲಿನ ಕಟ್ಟುಪಾಡಿನ ಹೊತ್ತು, ಹಿಡಿದ ಮೇಲೆ ಅಡಿಗೆಮನೆಯ ಸಾಮಾನನ್ನು ಹೊರಗೆ ಒಯ್ಯುವುದು ಅವರಿಗೆ ಹಿಡಿಸಿರಲಿಲ್ಲ.

ಎಂಟು ಗಂಟೆಯ ಸುಮಾರಿಗೆ ಸ್ಪರ್ಶವಾಯಿತು. ಮೊದಲ ಒಂದು ಗಂಟೆ ಗ್ರಹಣದಲ್ಲಿ ನೋಡುವಂಥದ್ದು ಬಹಳವಿಲ್ಲ, ತಾಳ್ಮೆ ಬೇಕು. ಒಂಬತ್ತರ ನಂತರ ಬಿಸಿಲಿನ ಬಣ್ಣ ಬದಲಾಯಿತು. ಸಂಜೆಯ ಬಿಸಿಲಿನಂತೆ ಹಳದಿಯಾಗದೆ, ಯಾರೋ ದೀಪದ ಬತ್ತಿಯನ್ನು ಇಳಿಸಿದಂತೆ ಬಣ್ಣ ಕಳೆದುಕೊಂಡು ತೆಳುವಾಯಿತು. ನೆರಳುಗಳ ಅಂಚು ಚೂಪಾಗಿ, ಅಪ್ಪನ ಕೈಯ ರೋಮದ ನೆರಳು ಕೂಡ ನೆಲದ ಮೇಲೆ ಒಂದೊಂದಾಗಿ ಬಿಡಿಸಿ ಕಂಡಿತು. ಒಂಬತ್ತೂ ಇಪ್ಪತ್ತೈದರ ಹೊತ್ತಿಗೆ ಕಂಕಣ ಕೂಡಿತು. ಮೂರು ನಿಮಿಷಕ್ಕೆ ತುಸು ಹೆಚ್ಚು ಕಾಲ ಉಳಿಯಿತು. ಆಗ ಜರಡಿಯನ್ನು ನೆಲಕ್ಕೆ ಮೊಳ ಎತ್ತರದಲ್ಲಿ ಹಿಡಿದು, ಕೆಳಗೆ ಹಾಸಿದ್ದ ಅಪ್ಪನ ಬಿಳಿ ಧೋತರದ ಮೇಲೆ ನೋಡಿದೆವು. ಜರಡಿಯ ಒಂದೊಂದು ತೂತಿನ ಕೆಳಗೂ ಒಂದೊಂದು ಬಳೆ. ನೂರಾರು ಪುಟ್ಟ ಬೆಳಕಿನ ಬಳೆಗಳು, ಬಳೆಗಾರನು ಮಲಾರ ಬಿಚ್ಚಿ ಹರಡಿದ ಹಾಗೆ. ಪಕ್ಕದಲ್ಲಿದ್ದ ಮರದ ಎಲೆಗಳ ಸಂದಿಯಿಂದ ಬಿದ್ದ ಬಿಸಿಲ ಚುಕ್ಕೆಗಳೂ ಬಳೆಗಳಾಗಿಯೇ ಬಿದ್ದಿದ್ದವು. ಅಪ್ಪ ಬಹಳ ಹೊತ್ತು ಬಗ್ಗಿಕೊಂಡೇ ಇದ್ದು, ಕೊನೆಗೆ, “ಇಷ್ಟ ಚಂದ ಇರ್ತದ ಅಂತ ಗೊತ್ತಿದ್ರ ಅವತ್ತ ಬಾಗಲಾ ತೆಗದ ಹೊರಗ ಬರ್ತಿದ್ದೆ,” ಎಂದರು. ಅಂದು ಗದಗಿನಲ್ಲಿ ಅವರು ಕಳೆದುಕೊಂಡದ್ದು ಇದಕ್ಕಿಂತ ಎಷ್ಟೋ ದೊಡ್ಡದು, ಹಗಲಿನಲ್ಲಿ ನಕ್ಷತ್ರ ಮತ್ತು ಸೂರ್ಯನ ಸುತ್ತ ಬೆಳ್ಳನೆಯ ಕಿರೀಟ ಎಂದು ಹೇಳಲು ಬಾಯಿ ಬರಲಿಲ್ಲ.

ನಾವು ನಿಂತಿದ್ದ ಜಾಗಕ್ಕೆ ಸ್ವಲ್ಪ ಉತ್ತರಕ್ಕೆ ಬೇಕಲ ಕೋಟೆಯಿದೆ. 1871ರ ಡಿಸೆಂಬರ್ 12ರ ಖಗ್ರಾಸ ಗ್ರಹಣವನ್ನು ನೋಡಲು ಇಂಗ್ಲೆಂಡಿನ ಖಗೋಳಜ್ಞ ನಾರ್ಮನ್ ಲಾಕ್ಯರ್ ಬಂದು ಬಿಡಾರ ಹೂಡಿದ್ದು ಅಲ್ಲಿಯೇ. ಆಗ ಅದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿತ್ತು. ಅದಕ್ಕೆ ಮೂರು ವರ್ಷ ಮೊದಲು, 1868ರ ಆಗಸ್ಟ್ 18ರಂದು, ನೆರಳು ಉತ್ತರ ಕರ್ನಾಟಕದ ಮೇಲೆ ಹಾದಾಗ ಪ್ರಸಿದ್ಧ ಖಗೋಳಜ್ಞ ವಿಲಿಯಂ ಹರ್ಷೆಲ್‌ನ ಮೊಮ್ಮಗ ಲೆಫ್ಟಿನೆಂಟ್ ಜಾನ್ ಹರ್ಷೆಲ್ ಜಮಖಂಡಿಯಲ್ಲಿ ಉಪಕರಣ ಹೂಡಿಕೊಂಡು ಮೋಡದೊಂದಿಗೆ ಕಾದಾಡುತ್ತಿದ್ದ. ಫ್ರಾನ್ಸಿನ ಖಗೋಳಜ್ಞ ಜಾನ್ಸೆನ್ ಗುಂಟೂರಿನಲ್ಲಿದ್ದ. ಸೂರ್ಯನ ಅಂಚಿನಿಂದ ಚಿಮ್ಮುವ ಕೆಂಪು ಜ್ವಾಲೆಗಳು ಅನಿಲದವು ಎಂಬುದು ಖಚಿತವಾದದ್ದು ಆ ದಿನ. ಆ ಬೆಳಕಿನಲ್ಲಿದ್ದ ಒಂದು ಹಳದಿ ಗೆರೆಯು ಭೂಮಿಯ ಮೇಲೆ ಆವರೆಗೆ ಕಾಣದ ಧಾತುವಿನದು ಎಂದು ಲಾಕ್ಯರ್ ಮುಂದೆ ವಾದಿಸಿದ. ಅದೇ ಹೀಲಿಯಂ. ಹಾರುವ ಬಲೂನಿಗೆ ತುಂಬುವ ಅನಿಲದ ಕಥೆಯಲ್ಲಿ ಜಮಖಂಡಿಗೂ ಒಂದು ಸಾಲಿದೆ ಎಂಬುದು ಆ ಊರಿನವರಿಗೇ ಹೆಚ್ಚಾಗಿ ತಿಳಿದಿಲ್ಲ.

ಇನ್ನು ಕಣ್ಣಿನ ವಿಷಯಕ್ಕೆ ಬರುತ್ತೇನೆ. ಗ್ರಹಣದ ದಿನ ಸೂರ್ಯನಿಂದ ವಿಶೇಷವಾದ ಯಾವ ಕಿರಣವೂ ಹೊರಡುವುದಿಲ್ಲ. ಅಪಾಯಕಾರಿಯಾದದ್ದು ಎಂದಿನ ಸೂರ್ಯನೇ. ಎಂದಿನ ದಿನ ನಾವು ಸೂರ್ಯನನ್ನು ದಿಟ್ಟಿಸುವುದಿಲ್ಲ. ಒಂದು ಕ್ಷಣ ನೋಡಿದರೂ ಕಣ್ಣು ತಾನಾಗಿ ಮುಚ್ಚಿಕೊಳ್ಳುತ್ತದೆ. ಗ್ರಹಣದ ದಿನ ನೋಡಬೇಕೆಂಬ ಹಟವಿರುತ್ತದೆ, ಒಟ್ಟು ಬೆಳಕು ಕಡಿಮೆಯಾಗಿರುವುದರಿಂದ ಕಣ್ಣು ಚುಚ್ಚುವುದೂ ಕಡಿಮೆ, ಮಬ್ಬಿಗೆ ಕಣ್ಣಿನ ಪಾಪೆಯೂ ಹಿಗ್ಗಿರುತ್ತದೆ. ಆದರೆ ಉಳಿದಿರುವ ಸೂರ್ಯನ ಚೂರು, ಅದು ಉಗುರಿನ ತುದಿಯಷ್ಟೇ ಇದ್ದರೂ, ತನ್ನ ಅಗಲದಲ್ಲಿ ಮೊದಲಿನಷ್ಟೇ ಪ್ರಖರವಾಗಿರುತ್ತದೆ. ಕಣ್ಣಿನ ಮಸೂರವು ಆ ಚೂರನ್ನು ಅಕ್ಷಿಪಟಲದ ನಟ್ಟನಡುವೆ, ಅಂದರೆ ನಾವು ಅಕ್ಷರ ಓದುವ, ಸೂಜಿಗೆ ದಾರ ಪೋಣಿಸುವ ಆ ಪುಟ್ಟ ಜಾಗದ ಮೇಲೆಯೇ ಮೂಡಿಸುತ್ತದೆ. ಅಕ್ಷಿಪಟಲದಲ್ಲಿ ನೋವನ್ನು ತಿಳಿಸುವ ನರಗಳಿಲ್ಲ. ಕೈ ಸುಟ್ಟರೆ ಥಟ್ಟನೆ ಹಿಂದಕ್ಕೆಳೆದುಕೊಳ್ಳುತ್ತೇವೆ; ಇಲ್ಲಿ ಹಾನಿಯಾದದ್ದು ತಿಳಿಯುವುದು ಕೆಲವು ಗಂಟೆಗಳ ನಂತರ, ನೋಟದ ನಡುವೆ ಒಂದು ಕಲೆ ಕುಳಿತಾಗ. ಅದನ್ನು ಖಂಡಿತವಾಗಿ ಗುಣಪಡಿಸುವ ಔಷಧಿಯಿಲ್ಲ. ಕೆಲವರಿಗೆ ವಾರಗಳಲ್ಲೋ ತಿಂಗಳುಗಳಲ್ಲೋ ತಾನಾಗಿ ಮಾಸುತ್ತದೆ, ಕೆಲವರಿಗೆ ಉಳಿದೇ ಬಿಡುತ್ತದೆ.

ಇದನ್ನು ಇಷ್ಟು ಖಚಿತವಾಗಿ ಹೇಳಲು ನನಗೆ ಸ್ವಂತದ ಕಾರಣವೂ ಇದೆ. 1995ರ ಅಕ್ಟೋಬರ್ 24ರಂದು, ದೀಪಾವಳಿಯ ಅಮಾವಾಸ್ಯೆಯ ಬೆಳಿಗ್ಗೆ, ಉತ್ತರ ಭಾರತದಲ್ಲಿ ಖಗ್ರಾಸವಾದ ಗ್ರಹಣ ನಮ್ಮಲ್ಲಿ ಖಂಡಗ್ರಾಸವಾಗಿ ಕಂಡಿತು. ನಾನಾಗ ಹೈಸ್ಕೂಲಿನಲ್ಲಿದ್ದೆ. ಟ್ರಂಕಿನಲ್ಲಿದ್ದ ಅಜ್ಜನ ಎದೆಯ ಎಕ್ಸ್‌ರೇ ಹಾಳೆಯನ್ನು ಕದ್ದು ತಂದು ಮಾಳಿಗೆ ಹತ್ತಿದೆ. ಹಾಳೆಯ ಅಂಚಿನ ಕಪ್ಪು ಭಾಗದಲ್ಲಿ ಸೂರ್ಯ ಹಿತವಾಗಿ ಕಂಡ. ಕೈ ಸರಿದಂತೆ ಪಕ್ಕೆಲುಬುಗಳ ಬೆಳ್ಳನೆಯ ಜಾಗ ಅಡ್ಡ ಬಂದು ಕಣ್ಣು ಕೋರೈಸಿತು. ಮತ್ತೆ ಕಪ್ಪಿಗೆ ತಂದುಕೊಂಡೆ. ಹೀಗೆ ಹತ್ತು ನಿಮಿಷ. ಅಂದು ರಾತ್ರಿ ಪುಸ್ತಕ ತೆರೆದಾಗ ನಾನು ನೋಡಿದ ಅಕ್ಷರದ ಮೇಲೆಯೇ ಒಂದು ಮಬ್ಬು ಚುಕ್ಕೆ ಬಂದು ಕೂರತೊಡಗಿತು. ಮನೆಯಲ್ಲಿ ಹೇಳಲು ಧೈರ್ಯ ಬರಲಿಲ್ಲ. ಮೂರು ದಿನದ ನಂತರ ಅದು ಹೋಯಿತು. ಹೋಗದೆ ಇದ್ದಿದ್ದರೆ ಅಂದಿನ ಗ್ರಹಣದ ಫಲವೆಂದು ಎಲ್ಲರೂ ನನ್ನ ರಾಶಿಯನ್ನು ದೂರುತ್ತಿದ್ದರು, ಎಕ್ಸ್‌ರೇ ಹಾಳೆಯನ್ನಲ್ಲ.

ಎಕ್ಸ್‌ರೇ ಹಾಳೆಯ ಕಪ್ಪು ಎಲ್ಲ ಕಡೆ ಒಂದೇ ಸಮನಾಗಿರುವುದಿಲ್ಲ. ಕಣ್ಣಿಗೆ ಕಾಣುವ ಬೆಳಕು ಕಡಿಮೆಯಾಯಿತೆಂದು ಕಾಣದ ಅವಕೆಂಪು ಕಿರಣವೂ ಕಡಿಮೆಯಾಗಿರಬೇಕೆಂದೇನೂ ಇಲ್ಲ. ಮಸಿ ಹಿಡಿಸಿದ ಗಾಜು, ತಂಪು ಕನ್ನಡಕ, ಸಿಡಿ, ಹಳೆಯ ಫೋಟೋ ನೆಗೆಟಿವ್ ಎಲ್ಲದಕ್ಕೂ ಇದೇ ಮಾತು. ಸೂರ್ಯನ ಬೆಳಕನ್ನು ಲಕ್ಷದಲ್ಲಿ ಒಂದು ಪಾಲಿನ ಆಸುಪಾಸಿಗೆ ಇಳಿಸಿದರೆ ಮಾತ್ರ ಕಣ್ಣಿಗೆ ಕ್ಷೇಮ. ಐಎಸ್‌ಒ 12312-2 ಎಂಬ ಮಾನದಂಡಕ್ಕೆ ಒಪ್ಪುವ ಗ್ರಹಣ ಕನ್ನಡಕಗಳು ಆ ಕೆಲಸ ಮಾಡುತ್ತವೆ. ಅವನ್ನು ಹಾಕಿಕೊಂಡು ಮನೆಯ ಬಲ್ಬು, ಗಿಡ, ಎದುರಿನ ಗೋಡೆ ಏನಾದರೂ ಕಂಡರೆ ಆ ಕನ್ನಡಕ ನಕಲಿ ಎಂದೇ ತಿಳಿಯಬೇಕು. ಸೂರ್ಯನ ಹೊರತು ಬೇರೇನೂ ಕಾಣಕೂಡದು. ಗೀರು ಬಿದ್ದಿದ್ದರೆ, ತೂತಾಗಿದ್ದರೆ ಎಸೆದುಬಿಡಬೇಕು. ವೆಲ್ಡಿಂಗ್ ಗಾಜಾದರೆ 14ನೆಯ ನಂಬರಿನದೇ ಆಗಬೇಕು. ಗ್ಯಾರೇಜಿನಲ್ಲಿ ದಿನನಿತ್ಯ ಬಳಸುವ ಗಾಜು ಸಾಮಾನ್ಯವಾಗಿ ಇದಕ್ಕಿಂತ ಕಡಿಮೆ ನಂಬರಿನದು. ಗ್ರಹಣ ಕನ್ನಡಕ ಹಾಕಿಕೊಂಡು ದುರ್ಬೀನಿನಲ್ಲಿ ನೋಡುವುದು ಎಲ್ಲಕ್ಕಿಂತ ಕೆಟ್ಟದ್ದು; ದುರ್ಬೀನಿನಿಂದ ಒಟ್ಟುಗೂಡಿ ಬಂದ ಬೆಳಕು ಕನ್ನಡಕದ ಹಾಳೆಯನ್ನೇ ಸುಟ್ಟು ಕಣ್ಣಿಗೆ ಬೀಳುತ್ತದೆ. ದೂರದರ್ಶಕಕ್ಕೂ ದುರ್ಬೀನಿಗೂ ಬೆಳಕು ತಗ್ಗಿಸುವ ಶೋಧಕವನ್ನು (ಫಿಲ್ಟರನ್ನು) ಮುಂದಿನ ಬಾಯಿಗೇ ಕಟ್ಟಬೇಕು. ಖಗ್ರಾಸ ಗ್ರಹಣದಲ್ಲಿ ಸೂರ್ಯ ಪೂರ್ತಿ ಮುಚ್ಚಿದ ಆ ಕೆಲವು ನಿಮಿಷ ಮಾತ್ರ ಬರಿಗಣ್ಣಿನಿಂದ ನೋಡಬಹುದು, ನೋಡಲೇಬೇಕು. ಕಂಕಣದಲ್ಲಾಗಲಿ ಖಂಡಗ್ರಾಸದಲ್ಲಾಗಲಿ ಅಂಥ ಕ್ಷಣ ಬರುವುದೇ ಇಲ್ಲ.

ನಮ್ಮ ಕಡೆ ತಾಟಿನಲ್ಲಿ ಅರಿಶಿನದ ನೀರನ್ನೋ ಸೆಗಣಿ ನೀರನ್ನೋ ಇಟ್ಟು ಅದರಲ್ಲಿ ಗ್ರಹಣ ನೋಡುವ ರೂಢಿ ಹಳೆಯದು, ಮತ್ತು ಇದನ್ನು ವೈಜ್ಞಾನಿಕವೆಂದು ಹೊಗಳುವವರೂ ಇದ್ದಾರೆ. ನೇರವಾಗಿ ನೋಡಬಾರದೆಂಬ ತಿಳಿವಳಿಕೆ ಅದರಲ್ಲಿದೆ, ಅಷ್ಟನ್ನು ಒಪ್ಪೋಣ. ಆದರೆ ಲೆಕ್ಕ ಹಾಕಿದರೆ ಅದು ನಿಲ್ಲುವುದಿಲ್ಲ. ಬಣ್ಣ ಕಲಸುವುದರಿಂದ ತಾಟಿನ ತಳದ ಹೊಳಪು ಮಾತ್ರ ಅಡಗುತ್ತದೆ. ನೀರಿನ ಮೇಲ್ಮೈ ತನ್ನ ಪಾಲನ್ನು ಪ್ರತಿಫಲಿಸಿಯೇ ತೀರುತ್ತದೆ. ಸೂರ್ಯ ನೆತ್ತಿಯ ಮೇಲಿದ್ದಾಗ ಆ ಪಾಲು ನೂರಕ್ಕೆ ಎರಡು. ಬೇಕಾದದ್ದು ಲಕ್ಷಕ್ಕೆ ಒಂದು, ಸಿಗುವುದು ಐವತ್ತಕ್ಕೆ ಒಂದು, ಅಂದರೆ ಎರಡು ಸಾವಿರ ಪಟ್ಟು ಹೆಚ್ಚು. ಸೂರ್ಯ ಕೆಳಗಿಳಿದಂತೆ ಪ್ರತಿಫಲನ ಇನ್ನೂ ಏರುತ್ತದೆ. ಹಿಂದಿನವರ ಕಣ್ಣು ಉಳಿದದ್ದು ಅವರು ಅರೆಕ್ಷಣ ಇಣುಕಿ ಸರಿಯುತ್ತಿದ್ದುದರಿಂದ ಇರಬೇಕು.

ಕನ್ನಡಕ ಸಿಗದವರು ಚಿಂತಿಸಬೇಕಾಗಿಲ್ಲ. ಮುಖ ನೋಡುವ ಕನ್ನಡಿಗೆ ಕಾಗದ ಅಂಟಿಸಿ, ಅದರ ನಡುವೆ ಕಡಲೆ ಕಾಳಿನಷ್ಟು, ಐದಾರು ಮಿಲಿಮೀಟರಿನ ಒಂದು ತೂತನ್ನು ಕತ್ತರಿಸಬೇಕು. ಕನ್ನಡಿಯನ್ನು ಬಿಸಿಲಿನಲ್ಲಿ ಅಲುಗದಂತೆ ಇಟ್ಟು, ಅದರ ಬೆಳಕನ್ನು ಕಿಟಕಿಯ ಮೂಲಕ ಕತ್ತಲೆ ಕೋಣೆಯ ಗೋಡೆಗೆ ಬಿಡಬೇಕು. ಬಿಂಬದ ಅಗಲ ದೂರದ ಸುಮಾರು 109ನೆಯ ಒಂದು ಪಾಲು. ಹತ್ತು ಮೀಟರ್ ದೂರದ ಗೋಡೆಯ ಮೇಲೆ ಒಂಬತ್ತು ಸೆಂಟಿಮೀಟರಿನ, ಸಣ್ಣ ಪೂರಿಯಷ್ಟು ಅಗಲದ ಸೂರ್ಯ ಮೂಡುತ್ತಾನೆ. ತೂತು ಚೌಕವಾಗಿದ್ದರೂ ಬಿಂಬ ದುಂಡಗೇ ಬರುತ್ತದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳದೆ ತೋರಿಸಿದರೆ ಚೆನ್ನ. ಇಡೀ ಮನೆಯವರು, ಹಾಸಿಗೆ ಹಿಡಿದ ಹಿರಿಯರೂ ಸೇರಿ, ಗೋಡೆಯ ಮೇಲೆಯೇ ಗ್ರಹಣ ನೋಡಬಹುದು. ಕನ್ನಡಿಯೊಳಗೆ ಮಾತ್ರ ಯಾರೂ ಇಣುಕಬಾರದು. ಜರಡಿಯದೂ ಇದೇ ತತ್ತ್ವ. ಅಲ್ಲಿ ಸೂರ್ಯನಿಗೆ ಬೆನ್ನು ಮಾಡಿ ನೆಲವನ್ನು ನೋಡುವುದರಿಂದ ಅಪಾಯದ ಮಾತೇ ಇಲ್ಲ.

ಚಂದ್ರಗ್ರಹಣಕ್ಕೆ ಈ ಯಾವ ಕಟ್ಟುಪಾಡೂ ಬೇಡ. ಅದು ಹುಣ್ಣಿಮೆಯ ರಾತ್ರಿ ಭೂಮಿಯ ನೆರಳು ಚಂದ್ರನ ಮೇಲೆ ಬೀಳುವುದಷ್ಟೇ. ಬೆಳದಿಂಗಳನ್ನು ಬರಿಗಣ್ಣಿನಿಂದ ನೋಡಿದಷ್ಟೇ ಕ್ಷೇಮ, ದುರ್ಬೀನಿನಲ್ಲಿ ನೋಡಿದರೆ ಇನ್ನೂ ಚೆನ್ನ. ನಮ್ಮ ಗೋಲಿಯ ನೆರಳು 138 ಸೆಂಟಿಮೀಟರ್ ಉದ್ದ. ಕೊತ್ತಂಬರಿ ಬೀಜ ಇರುವಲ್ಲಿ ಅದರ ಅಗಲ ಒಂಬತ್ತು ಮಿಲಿಮೀಟರ್, ಅಂದರೆ ಬೀಜದ ಎರಡೂವರೆ ಪಟ್ಟಿಗೂ ಹೆಚ್ಚು. ಚಂದ್ರನು ಗಂಟೆಗೆ ಸುಮಾರು ತನ್ನ ಅಗಲದಷ್ಟೇ ಸರಿಯುವುದರಿಂದ ಖಗ್ರಾಸ ಸ್ಥಿತಿ ಒಂದೂಮುಕ್ಕಾಲು ಗಂಟೆಯವರೆಗೂ ಎಳೆಯಬಲ್ಲದು. ಸೂರ್ಯಗ್ರಹಣದಲ್ಲಿ ಅದು ಏಳೂವರೆ ನಿಮಿಷವನ್ನು ಮೀರುವುದಿಲ್ಲ. ಜೊತೆಗೆ, ಆ ಹೊತ್ತಿನಲ್ಲಿ ಎಲ್ಲೆಲ್ಲಿ ರಾತ್ರಿಯೋ ಅಲ್ಲೆಲ್ಲ ಕಾಣುವುದರಿಂದ ಒಬ್ಬರ ಆಯುಷ್ಯದಲ್ಲಿ ಬೇಕಾದಷ್ಟು ಸಿಗುತ್ತವೆ.

2025ರ ಸೆಪ್ಟೆಂಬರ್ 7ರ ಗ್ರಹಣದ ಹೊತ್ತಿಗೆ ಗದಗಿನಲ್ಲಿದ್ದೆ. ರಾತ್ರಿ 9.57ಕ್ಕೆ ದಟ್ಟ ನೆರಳಿನ ಸ್ಪರ್ಶ, 11.01ಕ್ಕೆ ನಿಮೀಲನ, 12.23ಕ್ಕೆ ಉನ್ಮೀಲನ. ಅಮ್ಮ ಸಂಜೆಗೆ ಮೊದಲೇ ಊಟ ಮುಗಿಸಿ ಉಪ್ಪಿನಕಾಯಿ ಭರಣಿ, ಹಾಲು, ನೀರಿನ ಕೊಡ ಎಲ್ಲದಕ್ಕೂ ದರ್ಭೆ ಹಾಕಿದ್ದರು. ಓಣಿಯಲ್ಲಿ ಯಾರದೋ ಮನೆಯಲ್ಲಿ ತಾಟಿನ ನೀರಿನಲ್ಲಿ ಒನಕೆ ನಿಲ್ಲಿಸಿ ವಿಡಿಯೊ ಮಾಡುತ್ತಿದ್ದರು. ಒನಕೆಯ ಬುಡ ಸಪಾಟಾಗಿದ್ದರೆ ಅದು ಯಾವ ದಿನವಾದರೂ ನಿಲ್ಲುತ್ತದೆ. ಗ್ರಹಣವಿಲ್ಲದ ದಿನ ಯಾರೂ ನಿಲ್ಲಿಸಿ ನೋಡುವುದಿಲ್ಲ, ಅಷ್ಟೇ. ಮಾಳಿಗೆಯ ಮೇಲೆ ಅಪ್ಪನೂ ನಾನೂ ಚಾಪೆ ಹಾಸಿ, ಮೋಡ ಸರಿಯುವುದನ್ನು ಕಾಯುತ್ತ ಕುಳಿತೆವು. ಹನ್ನೊಂದೂ ಕಾಲಿಗೆ ಮೋಡ ಬಿಚ್ಚಿದಾಗ ಚಂದ್ರ ಹಳೆಯ ತಾಮ್ರದ ತಂಬಿಗೆಯ ಬಣ್ಣಕ್ಕೆ ತಿರುಗಿದ್ದ. ನೆರಳಿನೊಳಗಿದ್ದೂ ಅವನು ಪೂರ್ತಿ ಕಪ್ಪಾಗದಿರುವುದು ನಮ್ಮ ವಾತಾವರಣದ ಕಾರಣದಿಂದ: ಭೂಮಿಯ ಅಂಚನ್ನು ಸವರಿ ಹೋಗುವ ಬೆಳಕಿನಲ್ಲಿ ನೀಲಿಯೆಲ್ಲ ಚದುರಿ, ಉಳಿದ ಕೆಂಪು ಒಳಕ್ಕೆ ಬಾಗಿ ಅವನ ಮೇಲೆ ಬೀಳುತ್ತದೆ. ಆ ಕ್ಷಣದಲ್ಲಿ ಭೂಮಿಯ ಸುತ್ತ ನಡೆಯುತ್ತಿರುವ ಎಲ್ಲ ಸೂರ್ಯೋದಯ ಮತ್ತು ಸೂರ್ಯಾಸ್ತಗಳ ಬೆಳಕು ಅದು. 1991ರಲ್ಲಿ ಫಿಲಿಪ್ಪೀನ್ಸಿನ ಪಿನಟೂಬೊ ಜ್ವಾಲಾಮುಖಿ ಸಿಡಿದು ಗಾಳಿಯಲ್ಲಿ ಧೂಳು ತುಂಬಿದ್ದಾಗ, ಮರುವರ್ಷ ಡಿಸೆಂಬರಿನ ಗ್ರಹಣದಲ್ಲಿ ಚಂದ್ರ ಕಾಣದಷ್ಟು ಕಪ್ಪಾಗಿದ್ದ. ನಡುರಾತ್ರಿಯ ಹೊತ್ತಿಗೆ ಮೆಟ್ಟಿಲ ಸದ್ದಾಯಿತು. ಸ್ನಾನದ ನೀರು ಕಾದಿದೆಯೆಂದು ಹೇಳಲು ಬಂದ ಅಮ್ಮ ಮೇಲೆ ನೋಡುತ್ತ ಅಲ್ಲಿಯೇ ನಿಂತರು. ಮೋಕ್ಷವಾಗುವವರೆಗೂ ಕೆಳಗೆ ಇಳಿಯಲಿಲ್ಲ.

ಮುಂದಿನ ದಿನಗಳನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ. 2027ರ ಆಗಸ್ಟ್ 2ರಂದು ಈಜಿಪ್ಟಿನ ಲಕ್ಸರ್‌ನಲ್ಲಿ ಆರು ನಿಮಿಷ ಮೀರಿದ ಖಗ್ರಾಸ. ನಮ್ಮಲ್ಲಿ ಖಂಡಗ್ರಾಸ, ಅದೂ ಮಳೆಗಾಲದಲ್ಲಿ. ಆಗಸ್ಟಿನಲ್ಲಿ ಮಂಗಳೂರಿನಲ್ಲಿ ಗ್ರಹಣವಿರಲಿ, ಸೂರ್ಯನನ್ನು ನೋಡಿದವರೇ ಕಡಿಮೆ. 2028ರ ಡಿಸೆಂಬರ್ 31ರ ರಾತ್ರಿ ಖಗ್ರಾಸ ಚಂದ್ರಗ್ರಹಣ, ಹೊಸ ವರ್ಷದ ಪಟಾಕಿಗಳಿಗಿಂತ ಮೊದಲೇ. 2034ರ ಮಾರ್ಚ್ 20ರ ಖಗ್ರಾಸ ಸೂರ್ಯಗ್ರಹಣಕ್ಕೆ ಕಾಶ್ಮೀರ, ಲಡಾಖ್‌ಗಳ ಕಡೆಗೆ ಹೋಗಬೇಕು. ಅದಕ್ಕೆ ಮೊದಲು, 2031ರ ಮೇ 21ರಂದು, ಕೇರಳ ಮತ್ತು ತಮಿಳುನಾಡಿನ ಮೇಲೆ ಮತ್ತೊಂದು ಕಂಕಣ. ಅಂದಿಗೆ ಅಪ್ಪನಿಗೆ ಎಂಬತ್ತೆರಡಾಗಿರುತ್ತದೆ. ಕೊಚ್ಚಿಗೆ ಹೋಗೋಣವೆಂದು ಹೇಳಿದ್ದೇನೆ, ಒಪ್ಪಿದ್ದಾರೆ. ಹಿಟ್ಟಿನ ಜರಡಿ ಸಣ್ಣ ತೂತಿನದಾಯಿತು, ಅಂದಿಗೆ ರವೆಯ ಜರಡಿ ಒಯ್ಯುವುದು ಒಳ್ಳೆಯದು ಎಂದು ಈ ಸಲ ಹೇಳಿದವರು ಅಮ್ಮ.